ಕೋಶದೊಳಗಿನ ಕೋಶ: ಮಾನವ ಅಂಗಾಂಶಗಳ ಪ್ರೋಟೀನು ನಕ್ಷೆಯನ್ನು ಕುರಿತು

ಕನ್ನಡದಲ್ಲಿ 'ಕೋಶ' ಎಂಬ ಶಬ್ದಕ್ಕೆ ಭಂಡಾರ ಎಂಬ ಅರ್ಥವಿದೆ, ನಿಘಂಟು ಎಂಬ ಅರ್ಥವಿದೆ. ಜೀವವಿಜ್ಞಾನದ ಪಠ್ಯಗಳು ಬಂದಮೇಲೆ ಜೀವಿಯ ಶರೀರದ ಅತಿ ಸಣ್ಣ ಘಟಕವೆಂಬ ಅರ್ಥವೂ ಅದಕ್ಕೆ ಸೇರಿಕೊಂಡಿತು. ನಿಘಂಟು ಮತ್ತು ಜೀವಕೋಶ ಇವೆರಡೂ ಒಂದೇ ಶಬ್ದದಲ್ಲಿ ಕೂಡಿಬಂದದ್ದು ಆಕಸ್ಮಿಕ. ಪರಿಭಾಷೆಯನ್ನು ರೂಪಿಸಿದವರು ಇದನ್ನು ಉದ್ದೇಶಿಸಿದ್ದರೆಂದು ಹೇಳಲಾಗದು. ಆದರೆ ಈಚಿನ ಎರಡು ದಶಕಗಳಲ್ಲಿ ಸ್ಟಾಕ್‌ಹೋಮ್, ಬೆಂಗಳೂರು, ಮುಂಬಯಿಯ ಪವಾಯಿ ಮೊದಲಾದೆಡೆ ನಡೆದಿರುವ ಒಂದು ದೊಡ್ಡ ಕೆಲಸವನ್ನು ಗಮನಿಸಿದರೆ ಈ ಆಕಸ್ಮಿಕಕ್ಕೂ ಅರ್ಥವುಂಟೆಂದು ತೋರುತ್ತದೆ. ಮನುಷ್ಯಶರೀರದ ಯಾವ ಅಂಗಾಂಶದಲ್ಲಿ ಯಾವ ಪ್ರೋಟೀನು ಇದೆ, ಎಷ್ಟಿದೆ, ರೋಗ ಬಂದಾಗ ಅದು ಏನಾಗುತ್ತದೆ ಎಂಬುದನ್ನು ಒಂದೊಂದಾಗಿ ಗುರುತಿಸಿ ನಕ್ಷೆ ಮಾಡುವುದೇ ಆ ಕೆಲಸ. ಅದರ ವಿಧಾನವನ್ನು ಗ್ರಂಥಸಂಪಾದನೆಯ ಪರಿಚಯವುಳ್ಳವರ ಕಣ್ಣಿನಿಂದ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಡಿ. ಎಲ್. ನರಸಿಂಹಾಚಾರ್ಯರಿಂದ ಎಂ. ಎಂ. ಕಲಬುರ್ಗಿಯವರವರೆಗೆ ನಮ್ಮ ಹಿರಿಯರು ಕಲಿಸಿಕೊಟ್ಟ ಪಾಠನಿರ್ಣಯದ ಶಿಸ್ತು ಈ ಪ್ರಯೋಗಶಾಲೆಗಳಲ್ಲಿ ಬೇರೊಂದು ರೂಪದಲ್ಲಿ ಕಾಣಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಹೆಸರಿನ ವಿಚಾರ. 'ಪ್ರೋಟೀನ್' ಎಂಬ ಶಬ್ದವನ್ನು 1838ರಲ್ಲಿ ಡಚ್ ರಸಾಯನಶಾಸ್ತ್ರಜ್ಞ ಮುಲ್ಡರ್ ಬಳಕೆಗೆ ತಂದನು. ಅದನ್ನು ಸೂಚಿಸಿದವನು ಸ್ವೀಡನ್ನಿನ ಬೆರ್ಜೀಲಿಯಸ್. ಮೊದಲ ಸ್ಥಾನದಲ್ಲಿರುವುದು ಎಂಬರ್ಥದ ಗ್ರೀಕ್ ಪದ ಅದಕ್ಕೆ ಮೂಲ. ಕನ್ನಡದ ಪಠ್ಯಪುಸ್ತಕಗಳು ಇದನ್ನು 'ಸಸಾರಜನಕ' ಎಂದವು, ಅಂದರೆ ಸಾರಜನಕವನ್ನು ಒಳಗೊಂಡದ್ದು. ಗ್ರೀಕ್ ಹೆಸರು ಗೌರವವನ್ನು ಸೂಚಿಸಿದರೆ ಕನ್ನಡದ ಹೆಸರು ಘಟಕದ್ರವ್ಯವನ್ನು ಸೂಚಿಸುತ್ತದೆ. ಪಿಷ್ಟದಲ್ಲಿಯೂ ಕೊಬ್ಬಿನಲ್ಲಿಯೂ ಇಲ್ಲದ ಸಾರಜನಕ ಇದರಲ್ಲಿದೆ ಎಂಬ ನಿಜವಾದ ಭೇದವನ್ನು ಹಿಡಿದದ್ದರಿಂದ ನಮ್ಮ ಪದವೇ ಹೆಚ್ಚು ವಿಚಾರಪೂರ್ಣವೆನ್ನಬೇಕು. ಆದರೂ ಅದು ಬೇಳೆಕಾಳುಗಳ ಪೌಷ್ಟಿಕತೆಯ ಪಾಠದಾಚೆಗೆ ಬೆಳೆಯಲಿಲ್ಲ. ಶಿವರಾಮ ಕಾರಂತರಂಥವರು 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳಿಗೆ ಶ್ರಮಿಸಿದ ಭಾಷೆಯಲ್ಲಿ ಇಂಥ ಪದವೊಂದು ಸೊರಗಿದ್ದಕ್ಕೆ ಬೇರೆಯೇ ಕಾರಣಗಳಿರಬೇಕು. ಅವನ್ನು ಇಲ್ಲಿ ಕೆದಕುವುದಿಲ್ಲ. ಜನರ ಬಾಯಲ್ಲಿ ನಿಂತ 'ಪ್ರೋಟೀನು' ಎಂಬ ರೂಪವನ್ನೇ ಬಳಸುತ್ತೇನೆ.

ಪ್ರೋಟೀನೆಂದರೆ ಆಹಾರದ ಒಂದು ಅಂಶ ಮಾತ್ರವಲ್ಲ. ಶರೀರದಲ್ಲಿ ಕೆಲಸ ಮಾಡುವ ಬಹುಪಾಲು ವಸ್ತುಗಳು ಪ್ರೋಟೀನುಗಳೇ. ಉಸಿರಿನ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್, ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್, ಅನ್ನವನ್ನು ಜೀರ್ಣಿಸುವ ಕಿಣ್ವಗಳು, ಸ್ನಾಯುವನ್ನು ಸಂಕೋಚಿಸುವ ತಂತುಗಳು, ಸೋಂಕನ್ನು ಎದುರಿಸುವ ಪ್ರತಿಕಾಯಗಳು ಎಲ್ಲವೂ ಈ ವರ್ಗದವು. 20 ಬಗೆಯ ಅಮೈನೋ ಆಮ್ಲಗಳು ಅಕ್ಷರಗಳಂತೆ ಸಾಲಾಗಿ ಜೋಡಣೆಗೊಂಡು ಒಂದೊಂದು ಪ್ರೋಟೀನು ಆಗುತ್ತದೆ. ಸಾಲಿನಲ್ಲಿ ಒಂದಕ್ಷರ ಬದಲಾದರೂ ಅರ್ಥ ಕೆಡಬಹುದು. 146 ಅಕ್ಷರಗಳ ಬೀಟಾ ಗ್ಲೋಬಿನ್ ಸರಪಳಿಯ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಬಂದರೆ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ ರೋಗವಾಗುತ್ತದೆ ಎಂಬುದನ್ನು ವೆರ್ನನ್ ಇಂಗ್ರಾಮ್ 1950ರ ದಶಕದಲ್ಲಿ ತೋರಿಸಿಕೊಟ್ಟನು. ಒಂದು ಪಾಠಾಂತರ ಮನುಷ್ಯನ ಆಯುಷ್ಯವನ್ನೇ ನಿರ್ಧರಿಸುವ ಉದಾಹರಣೆಯಿದು.

ಈ ಪ್ರೋಟೀನುಗಳನ್ನು ಮಾಡುವ ಸೂತ್ರಗಳು ನಮ್ಮ ವಂಶವಾಹಿಗಳಲ್ಲಿವೆ. 2003ರಲ್ಲಿ ಮಾನವ ಜೀನೋಮಿನ ಯೋಜನೆ ಮುಗಿದಾಗ ಆ ಸೂತ್ರಗಳ ಪಟ್ಟಿ ಹೆಚ್ಚುಕಡಿಮೆ ಕೈಗೆ ಬಂತು. ಪ್ರೋಟೀನಿಗೆ ಸೂತ್ರವಾಗುವ ವಂಶವಾಹಿಗಳ ಸಂಖ್ಯೆ ಸುಮಾರು 20,000. ಜೀವದ ರಹಸ್ಯವೇ ಬಯಲಾಯಿತೆಂದು ಆಗ ವೃತ್ತಪತ್ರಿಕೆಗಳು ಸಾರಿದವು. ಅದು ಅತ್ಯುತ್ಸಾಹ. ಯಕೃತ್ತಿನ ಜೀವಕೋಶದಲ್ಲಿಯೂ ಮಿದುಳಿನ ಜೀವಕೋಶದಲ್ಲಿಯೂ ಇರುವುದು ಅದೇ ಪಟ್ಟಿ. (ಬಲಿತ ಕೆಂಪು ರಕ್ತಕಣದಲ್ಲಿ ಮಾತ್ರ ಅದೂ ಇಲ್ಲ.) ಪಟ್ಟಿ ಒಂದೇ ಆದರೂ ಒಂದು ಪಿತ್ತರಸ ಸುರಿಸುತ್ತದೆ, ಇನ್ನೊಂದು ನೆನಪಿಟ್ಟುಕೊಳ್ಳುತ್ತದೆ. ಭೇದವಿರುವುದು ಪದಗಳಲ್ಲಲ್ಲ, ಪ್ರಯೋಗದಲ್ಲಿ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 1995ರಲ್ಲಿ ಎಂಟನೆಯ ಸಂಪುಟದೊಡನೆ ಪೂರ್ಣವಾಗಲು ಅಷ್ಟು ದಶಕಗಳು ಏಕೆ ಬೇಕಾದವೆಂಬುದನ್ನು ನೆನೆದರೆ ಈ ಮಾತು ಸ್ಪಷ್ಟವಾಗುತ್ತದೆ. ಪದಗಳನ್ನು ಅಕಾರಾದಿಯಲ್ಲಿ ಜೋಡಿಸುವುದಷ್ಟೇ ಕೆಲಸವಾಗಿದ್ದರೆ ಅದು ಬೇಗ ಮುಗಿಯುತ್ತಿತ್ತು. ಪ್ರತಿ ಪದ ಯಾವ ಶಾಸನದಲ್ಲಿ, ಯಾವ ಕಾವ್ಯದಲ್ಲಿ, ಯಾವ ಅರ್ಥದಲ್ಲಿ ಪ್ರಯೋಗವಾಗಿದೆಯೆಂದು ಉಲ್ಲೇಖಸಹಿತ ತೋರಿಸಬೇಕಾಗಿತ್ತು. ಜೀನೋಮು ಪ್ರಯೋಗಗಳಿಲ್ಲದ ಪದಪಟ್ಟಿ. ಪ್ರೋಟೀನುಗಳ ನಕ್ಷೆ ಆ ಪಟ್ಟಿಗೆ ಪ್ರಯೋಗಗಳನ್ನು ಒದಗಿಸುವ ಪ್ರಯತ್ನ.

ಸ್ಥಳದ ಅರಿವು ರೋಗನಿದಾನಕ್ಕೆ ಹೇಗೆ ನೆರವಾಗುತ್ತದೆ ಎಂಬುದಕ್ಕೆ ಮುಂಬಯಿ ಕನ್ನಡಿಗರಿಗೆ ದೂರದ ದೃಷ್ಟಾಂತ ಬೇಕಿಲ್ಲ. ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ 'ಹ್ವಾಯ್' ಎಂಬ ಕರೆ ಕಿವಿಗೆ ಬಿದ್ದರೆ ಕರೆದವನು ಕುಂದಾಪುರದ ಕಡೆಯವನೆಂದು ತಿಳಿಯುತ್ತದೆ. ಆ ಪದದ ತವರು ಯಾವುದೆಂದು ನಮಗೆ ಮೊದಲೇ ಗೊತ್ತಿರುವುದರಿಂದಲೇ ಅದು ಸಾಧ್ಯ. ಹೃದಯಸ್ನಾಯುವಿಗೆ ಸೀಮಿತವಾದ ಒಂದು ಬಗೆಯ ಟ್ರೋಪೋನಿನ್ ರಕ್ತದಲ್ಲಿ ಏರಿ ಕಂಡುಬಂದರೆ ಹೃದಯದ ಸ್ನಾಯು ಘಾಸಿಗೊಂಡಿದೆಯೆಂದು ವೈದ್ಯರು ಊಹಿಸುವುದೂ ಹೀಗೆಯೇ. ಎದೆನೋವಿನಿಂದ ಬಂದ ರೋಗಿಗೆ ಇಂದು ಮಾಡುವ ರಕ್ತಪರೀಕ್ಷೆಯ ತಿರುಳು ಇಷ್ಟು. ಊರು ಗೊತ್ತಿಲ್ಲದ ಪದ ಬೀದಿಯಲ್ಲಿ ಕೇಳಿಬಂದರೆ ಅದರಿಂದ ಏನನ್ನೂ ಊಹಿಸಲಾಗದು. ಸುಮಾರು 20,000 ಪ್ರೋಟೀನುಗಳಲ್ಲಿ ಹೀಗೆ ತವರು ಖಚಿತವಾಗಿದ್ದವು ಬಹುಕಾಲ ಕೆಲವೇ ಆಗಿದ್ದವು.

ತವರನ್ನು ಗುರುತಿಸಲು ಮುಖ್ಯವಾಗಿ ಎರಡು ಮಾರ್ಗಗಳಿವೆ. ಮೊದಲನೆಯದು ಕಣ್ಣಿನ ಮಾರ್ಗ. 2003ರಲ್ಲಿ ಸ್ವೀಡನ್ನಿನಲ್ಲಿ ಮಥಿಯಾಸ್ ಉಲೇನ್ ಅವರ ನೇತೃತ್ವದಲ್ಲಿ ಆರಂಭವಾದ ಮಾನವ ಪ್ರೋಟೀನು ಅಟ್ಲಾಸ್ ಯೋಜನೆ ಇದನ್ನು ಅನುಸರಿಸಿತು. ಒಂದು ಪ್ರೋಟೀನನ್ನು ಮಾತ್ರ ಹಿಡಿಯಬಲ್ಲ ಪ್ರತಿಕಾಯವನ್ನು ತಯಾರಿಸಿ, ಅದನ್ನು ಅಂಗಾಂಶದ ತೆಳು ಪದರದ ಮೇಲೆ ಹಾಕಿದರೆ, ಪ್ರೋಟೀನು ಇರುವಲ್ಲಿ ಕಂದು ಬಣ್ಣ ಮೂಡುತ್ತದೆ. ಉಳಿದೆಡೆ ಹಿನ್ನೆಲೆಯ ನೀಲಿ. ಆರೋಗ್ಯವಂತ ಅಂಗಾಂಶಗಳ 44 ಬಗೆಗಳನ್ನೂ 20 ಬಗೆಯ ಕ್ಯಾನ್ಸರುಗಳನ್ನೂ ಹೀಗೆ ಪರೀಕ್ಷಿಸಲಾಯಿತು. ಕಂದು ಬಣ್ಣ ಎಷ್ಟು ಗಾಢ, ಯಾವ ಜೀವಕೋಶದಲ್ಲಿ, ಅದರ ಯಾವ ಭಾಗದಲ್ಲಿ ಎಂದು ಪ್ರತಿಯೊಂದು ಚಿತ್ರವನ್ನೂ ತಜ್ಞ ಕಣ್ಣು ನೋಡಿ ಬರೆಯಬೇಕು. ಈ ಓದಿನ ಬಹುದೊಡ್ಡ ಪಾಲು ನಡೆದದ್ದು ಮುಂಬಯಿಯಲ್ಲಿ ಎಂಬುದು ಹಲವರಿಗೆ ತಿಳಿಯದ ಸಂಗತಿ. ಡಾ. ಸಂಜಯ್ ನವಾನಿ ಅವರ ಲ್ಯಾಬ್ ಸರ್ಜ್‌ಪಾತ್ ಸಂಸ್ಥೆಯ ಪೆಥಾಲಜಿಸ್ಟರು ಸ್ವೀಡನ್ನಿನಲ್ಲಿ ಬಣ್ಣ ಹಾಕಿದ ಅಂಗಾಂಶಗಳ ಚಿತ್ರಗಳನ್ನು ಈ ನಗರದಲ್ಲಿ ಕುಳಿತು ಓದಿ ಟಿಪ್ಪಣಿ ಬರೆದರು. ಅಟ್ಲಾಸಿನ ಹಿರಿಮೆಯೆಲ್ಲ ಸ್ಟಾಕ್‌ಹೋಮಿಗೆ ಸಲ್ಲುವಾಗ ಈ ಓದುಗರ ಹೆಸರು ಹಿಂದೆ ಸರಿಯುತ್ತದೆ. ಹಸ್ತಪ್ರತಿಗಳನ್ನು ಪ್ರತಿ ಮಾಡಿಕೊಟ್ಟ ಲಿಪಿಕಾರರ ಗತಿಯೂ ನಮ್ಮಲ್ಲಿ ಇದೇ ಅಲ್ಲವೆ?

ಎರಡನೆಯದು ತೂಕದ ಮಾರ್ಗ. ಪವಾಯಿಯಲ್ಲಿ ಪ್ರಧಾನವಾಗಿ ನಡೆಯುವುದು ಇದು. ಪವಾಯಿಯ ಕೆರೆ 1891ರಲ್ಲಿ ಮುಂಬಯಿಯ ಕುಡಿಯುವ ನೀರಿಗಾಗಿ ನಿರ್ಮಾಣವಾದದ್ದು. ಅದರ ನೀರು ಕುಡಿಯಲು ತಕ್ಕುದಲ್ಲವೆಂದು ಬೇಗನೆ ತಿಳಿಯಿತು. ಅದರ ದಡದಲ್ಲಿ, 1958ರಲ್ಲಿ ಸ್ಥಾಪನೆಗೊಂಡ ಭಾರತೀಯ ತಂತ್ರಜ್ಞಾನ ಸಂಸ್ಥೆ ಇದೆ. ಅಲ್ಲಿಯ ಜೀವವಿಜ್ಞಾನ ಮತ್ತು ಜೈವಿಕ ಇಂಜಿನಿಯರಿಂಗ್ ವಿಭಾಗದಲ್ಲಿ ಪ್ರೊ. ಸಂಜೀವ ಶ್ರೀವಾಸ್ತವ ಅವರ ಪ್ರೋಟೀಯೋಮಿಕ್ಸ್ ಪ್ರಯೋಗಾಲಯ ಮಿದುಳಿನ ಗೆಡ್ಡೆಗಳು, ಮಲೇರಿಯಾ, ಕೋವಿಡ್ ಮೊದಲಾದ ರೋಗಗಳಲ್ಲಿ ಪ್ರೋಟೀನುಗಳ ಏರಿಳಿತವನ್ನು ಅಭ್ಯಾಸ ಮಾಡಿದೆ. ಇಲ್ಲಿಯ ಮುಖ್ಯ ಉಪಕರಣ ಮಾಸ್ ಸ್ಪೆಕ್ಟ್ರೋಮೀಟರ್, ಅಂದರೆ ಅಣುಗಳನ್ನು ಅವುಗಳ ದ್ರವ್ಯರಾಶಿಯಿಂದ ಗುರುತಿಸುವ ಯಂತ್ರ.

ಯಂತ್ರದ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಅಂಗಾಂಶದ ಚೂರನ್ನು ಅರೆದು ಅದರ ಪ್ರೋಟೀನುಗಳನ್ನೆಲ್ಲ ಬೇರ್ಪಡಿಸುತ್ತಾರೆ. ಇಡೀ ಪ್ರೋಟೀನು ಯಂತ್ರಕ್ಕೆ ದೊಡ್ಡದು. ಆದ್ದರಿಂದ ಟ್ರಿಪ್ಸಿನ್ ಎಂಬ ಕಿಣ್ವದಿಂದ ಅದನ್ನು ಕತ್ತರಿಸುತ್ತಾರೆ. ನಮ್ಮ ಕರುಳಿನಲ್ಲಿ ಅನ್ನಾಹಾರವನ್ನು ಕತ್ತರಿಸುವ ಕಿಣ್ವವೇ ಅದು. ಲೈಸಿನ್ ಅಥವಾ ಆರ್ಜಿನಿನ್ ಎಂಬ ಅಕ್ಷರ ಬಂದಲ್ಲಿ ಮಾತ್ರ ಕತ್ತರಿಸುವುದು ಅದರ ನಿಯಮ; ನಿಯಮ ಗೊತ್ತಿರುವುದರಿಂದ ತುಣುಕುಗಳ ಆದಿ ಅಂತ್ಯಗಳು ಊಹೆಗೆ ನಿಲುಕುತ್ತವೆ. ಹೀಗೆ ಉಂಟಾದ ಲಕ್ಷಾಂತರ ತುಣುಕುಗಳನ್ನು ಯಂತ್ರ ಒಂದೊಂದಾಗಿ ತೂಗುತ್ತದೆ, ಮತ್ತೆ ಒಡೆದು ಚೂರುಗಳನ್ನೂ ತೂಗುತ್ತದೆ. ಚೂರುಗಳ ತೂಕದ ಅಂತರದಿಂದ ಅಕ್ಷರಗಳ ಅನುಕ್ರಮ ತಿಳಿಯುತ್ತದೆ. ಆ ಅನುಕ್ರಮವನ್ನು ಜೀನೋಮಿನ ಪಟ್ಟಿಯೊಡನೆ ಹೋಲಿಸಿ, ಇದು ಇಂಥ ಪ್ರೋಟೀನಿನ ತುಣುಕು ಎಂದು ಗಣಕಯಂತ್ರ ನಿರ್ಣಯಿಸುತ್ತದೆ. ಗೆದ್ದಲು ತಿಂದ ಹತ್ತಾರು ಕಟ್ಟುಗಳ ಓಲೆಗರಿಗಳು ಒಂದರೊಡನೊಂದು ಬೆರೆತು, ಎಲ್ಲೆಲ್ಲೋ ಅರ್ಧ ಸಾಲುಗಳು ಮಾತ್ರ ಉಳಿದಿರುವಾಗ, ಈ ತುಂಡು ಈ ಕಾವ್ಯದ್ದು, ಆ ತುಂಡು ಆ ಕಾವ್ಯದ್ದು ಎಂದು ಹೇಳಬೇಕಾದ ಸಂಪಾದಕನ ಸ್ಥಿತಿಯೇ ಇದು. ಫ್ರೆಡರಿಕ್ ಸ್ಯಾಂಗರ್ 1950ರ ದಶಕದಲ್ಲಿ ಇನ್ಸುಲಿನ್ನಿನ 51 ಅಕ್ಷರಗಳನ್ನು ಓದಿದ್ದೂ ಒಡೆದ ತುಣುಕುಗಳ ಅತಿವ್ಯಾಪ್ತಿಯಿಂದಲೇ. ಒಂದು ಪ್ರೋಟೀನಿಗೆ ಅವನಿಗೆ ವರ್ಷಗಳು ಹಿಡಿದವು.

ಓದುವಲ್ಲಿ ಯಂತ್ರಕ್ಕೂ ಮಿತಿಯಿದೆ. ಲ್ಯೂಸಿನ್ ಮತ್ತು ಐಸೊಲ್ಯೂಸಿನ್ ಎಂಬ ಎರಡು ಅಮೈನೋ ಆಮ್ಲಗಳ ತೂಕ ಒಂದೇ. ತೂಕದಿಂದ ಮಾತ್ರ ಓದುವ ಯಂತ್ರಕ್ಕೆ ಇವೆರಡರ ಭೇದ ಸಾಮಾನ್ಯವಾಗಿ ಕಾಣದು. ಹಳೆಯ ಓಲೆಗರಿಗಳಲ್ಲಿ ಎಕಾರ ಏಕಾರಗಳನ್ನು, ಒಕಾರ ಓಕಾರಗಳನ್ನು ಬರಹದಲ್ಲಿ ಬೇರ್ಪಡಿಸದಿದ್ದುದನ್ನು ಇದು ನೆನಪಿಗೆ ತರುತ್ತದೆ. ಅಲ್ಲಿ ಸಂಪಾದಕನು ಛಂದಸ್ಸಿನ ಮಾತ್ರೆಗಳನ್ನು ಎಣಿಸಿ ಹ್ರಸ್ವವೋ ದೀರ್ಘವೋ ಎಂದು ತೀರ್ಮಾನಿಸುತ್ತಾನೆ. ಇಲ್ಲಿ ವಿಜ್ಞಾನಿ ಜೀನೋಮಿನ ಪಾಠವನ್ನು ನೋಡಿ ತೀರ್ಮಾನಿಸುತ್ತಾನೆ. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಡಿ.ಎನ್.ಎ.ಯ ಒಂದು ಎಳೆ ಸಿಕ್ಕರೆ ಅದನ್ನು ಪ್ರಯೋಗಾಲಯದಲ್ಲಿ ಕೋಟಿಗಟ್ಟಲೆ ಪ್ರತಿ ಮಾಡಬಹುದು. ಪ್ರೋಟೀನಿಗೆ ಅಂಥ ಪ್ರತಿ ತೆಗೆಯುವ ವಿಧಾನವಿಲ್ಲ, ಇದ್ದಷ್ಟನ್ನೇ ಓದಬೇಕು. ರಕ್ತದ್ರವದಲ್ಲಿಯಂತೂ ಅರ್ಧದಷ್ಟು ಪ್ರೋಟೀನು ಆಲ್ಬುಮಿನ್ ಒಂದೇ. ರೋಗದ ಸುಳಿವು ಕೊಡುವ ಪ್ರೋಟೀನು ಅದಕ್ಕಿಂತ ನೂರು ಕೋಟಿ ಪಟ್ಟು ಕಡಿಮೆ ಇರಬಹುದು. ದಾದರ್ ನಿಲ್ದಾಣದ ಸಂಜೆಯ ಗದ್ದಲದಲ್ಲಿ ಯಾರೋ ಒಬ್ಬರು ಪಿಸುನುಡಿದುದನ್ನು ಕೇಳಿಸಿಕೊಳ್ಳುವುದಕ್ಕಿಂತಲೂ ಇದು ಕಷ್ಟ.

ತಪ್ಪು ಓದನ್ನು ಅಳೆಯುವ ಒಂದು ಉಪಾಯವನ್ನು ಈ ಶಾಸ್ತ್ರದವರು ಕಂಡುಕೊಂಡಿದ್ದಾರೆ. ನಮ್ಮವರಿಗೆ ಅದು ಕುತೂಹಲಕಾರಿ. ನಿಜವಾದ ಪ್ರೋಟೀನುಗಳ ಪಟ್ಟಿಯ ಜೊತೆಗೆ, ಅವೇ ಅಕ್ಷರಗಳನ್ನು ಹಿಂದುಮುಂದಾಗಿ ಬರೆದ ಅರ್ಥಹೀನ ಪಟ್ಟಿಯೊಂದನ್ನೂ ಗಣಕಯಂತ್ರಕ್ಕೆ ಕೊಡುತ್ತಾರೆ. ಅಸ್ತಿತ್ವದಲ್ಲೇ ಇಲ್ಲದ ಈ ಸುಳ್ಳು ಪಾಠಗಳಲ್ಲಿ ಎಷ್ಟನ್ನು ಯಂತ್ರ 'ಕಂಡೆ' ಎನ್ನುತ್ತದೆಯೋ ಅದರಿಂದ, ನಿಜವಾದ ಪಟ್ಟಿಯಲ್ಲಿಯೂ ಅದು ಎಷ್ಟು ತಪ್ಪಿರಬಹುದೆಂದು ಲೆಕ್ಕ ಹಾಕುತ್ತಾರೆ. ಶಾಸನತಜ್ಞನೊಬ್ಬನ ಮುಂದೆ ಸವೆದ ಶಾಸನಗಳ ಪಡಿಯಚ್ಚುಗಳ ನಡುವೆ ಬರಿಯ ಬಿರುಕುಗಲ್ಲಿನ ಪಡಿಯಚ್ಚನ್ನೂ ಸೇರಿಸಿಟ್ಟು, ಅದರಲ್ಲಿಯೂ ಅವನು ಅಕ್ಷರ ಓದುತ್ತಾನೋ ಎಂದು ಪರೀಕ್ಷಿಸಿದಂತೆ. ನಮ್ಮ ಕ್ಷೇತ್ರದಲ್ಲಿ ಇಂಥ ಪರೀಕ್ಷೆಯನ್ನು ಯಾರೂ ಒಪ್ಪಲಾರರೇನೋ.

ಈ ಎಚ್ಚರ ಎಷ್ಟು ಅಗತ್ಯವೆಂಬುದನ್ನು 2014ರ ಪ್ರಸಂಗ ತೋರಿಸಿತು. ಆ ವರ್ಷದ ಮೇ ತಿಂಗಳಿನಲ್ಲಿ 'ನೇಚರ್' ಪತ್ರಿಕೆ ಮಾನವ ಪ್ರೋಟೀನುಗಳ ಎರಡು ಕರಡು ನಕ್ಷೆಗಳನ್ನು ಒಟ್ಟಿಗೆ ಪ್ರಕಟಿಸಿತು. ಒಂದು ಜರ್ಮನಿಯ ಮ್ಯೂನಿಕ್‌ನ ತಂಡದ್ದು. ಇನ್ನೊಂದು, ಅಖಿಲೇಶ್ ಪಾಂಡೆ ಅವರ ನೇತೃತ್ವದಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಮತ್ತು ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಕೂಡಿ ಮಾಡಿದ್ದು. ಪಾಂಡೆಯವರು 2002ರಲ್ಲಿ ಸ್ಥಾಪಿಸಿದ ಬೆಂಗಳೂರಿನ ಆ ಸಂಸ್ಥೆಯ ಹರ್ಷ ಗೌಡ, ಟಿ. ಎಸ್. ಕೇಶವ ಪ್ರಸಾದ್ ಮೊದಲಾದವರೂ ನಿಮ್ಹಾನ್ಸ್‌ನ ಮಿದುಳುತಜ್ಞರೂ ಲೇಖಕರ ಪಟ್ಟಿಯಲ್ಲಿದ್ದರು. ವಯಸ್ಕರ 17 ಅಂಗಾಂಶಗಳು, ಭ್ರೂಣದ 7 ಅಂಗಾಂಶಗಳು, ರಕ್ತದ 6 ಬಗೆಯ ಕಣಗಳು, ಹೀಗೆ 30 ಮಾದರಿಗಳನ್ನು ಪರೀಕ್ಷಿಸಿ 17,294 ವಂಶವಾಹಿಗಳ ಪ್ರೋಟೀನುಗಳನ್ನು, ಅಂದರೆ ಒಟ್ಟಿನಲ್ಲಿ ಶೇಕಡ 84ರಷ್ಟನ್ನು ಗುರುತಿಸಿದುದಾಗಿ ತಂಡ ಹೇಳಿತು. ಹಿಂದೆ ಯಾರೂ ಪ್ರೋಟೀನಿನ ಸೂತ್ರವೆಂದು ಎಣಿಸದಿದ್ದ 193 ಭಾಗಗಳಿಂದಲೂ ಪ್ರೋಟೀನುಗಳು ಹುಟ್ಟುತ್ತವೆಂದು ತೋರಿಸಿತು. ಕರ್ನಾಟಕದ ನೆಲದಲ್ಲಿ ನಡೆದ ಈ ಸಾಧನೆಗೆ ಕನ್ನಡದ ವಿದ್ವತ್ ಪತ್ರಿಕೆಗಳು ಸಲ್ಲಬೇಕಾದ ಗಮನ ಕೊಡಲಿಲ್ಲವೆಂಬುದು ವಿಷಾದದ ಸಂಗತಿ.

ಅದೇ ವರ್ಷ ಸ್ಪೇನಿನ ಸಂಶೋಧಕರು ಒಂದು ಸರಳವಾದ ಪ್ರಶ್ನೆಯನ್ನೆತ್ತಿದರು. ವಾಸನೆಯನ್ನು ಗ್ರಹಿಸುವ ಪ್ರೋಟೀನುಗಳ ಒಂದು ದೊಡ್ಡ ಕುಟುಂಬ ಮೂಗಿನ ಒಳಪೊರೆಯಲ್ಲಿದೆ. ಎರಡು ನಕ್ಷೆಗಳಿಗೂ ಮೂಗಿನ ಅಂಗಾಂಶವನ್ನು ಬಳಸಿರಲಿಲ್ಲ. ಹೀಗಿದ್ದೂ ಎರಡರಲ್ಲಿಯೂ ಆ ಕುಟುಂಬದ ನೂರಕ್ಕೂ ಮಿಕ್ಕ ಪ್ರೋಟೀನುಗಳು ಕಾಣಿಸಿಕೊಂಡದ್ದು ಹೇಗೆ? ವಾಸನಾಗ್ರಾಹಕಗಳಲ್ಲಿ ಕೆಲವು ಬೇರೆ ಅಂಗಗಳಲ್ಲಿಯೂ ಇರುವುದುಂಟು. ಆದರೆ ಇಷ್ಟು ದೊಡ್ಡ ಸಂಖ್ಯೆಗೆ ಅದು ಸಮಾಧಾನವಾಗದು. ಬಹುಪಾಲು ತಪ್ಪು ಓದುಗಳೆಂದೇ ಅವರು ತೀರ್ಮಾನಿಸಿದರು. ತುಣುಕೊಂದರ ದುರ್ಬಲ ಆಧಾರದ ಮೇಲೆ ಇಡೀ ಪ್ರೋಟೀನನ್ನು ಒಪ್ಪಿಕೊಂಡದ್ದು, ಮತ್ತು ದತ್ತಾಂಶ ರಾಶಿಯಾದಷ್ಟೂ ಸಣ್ಣ ಶೇಕಡಾವಾರು ತಪ್ಪೂ ದೊಡ್ಡ ಸಂಖ್ಯೆಯಾಗುವುದು ಇದಕ್ಕೆ ಕಾರಣ. ಪ್ರಕ್ಷಿಪ್ತ ಪದ್ಯಗಳನ್ನು ಪತ್ತೆಹಚ್ಚುವ ನಮ್ಮ ಕ್ರಮವೂ ಇದೇ: ಕವಿಯ ಕಾಲದಲ್ಲಿ ಇರಲಾರದ ಪದವೊಂದು ಪಾಠದಲ್ಲಿ ಕಂಡರೆ ಅನುಮಾನ ಅಲ್ಲಿಂದ ಹುಟ್ಟುತ್ತದೆ. ಈ ಟೀಕೆಯಿಂದ 2014ರ ನಕ್ಷೆಗಳ ಬೆಲೆ ಕುಂದಿತೆಂದು ನಾನು ಭಾವಿಸುವುದಿಲ್ಲ. ತಂಡಗಳು ಮೂಲ ದತ್ತಾಂಶವನ್ನೆಲ್ಲ ಬಹಿರಂಗವಾಗಿ ಇಟ್ಟಿದ್ದವು; ಅದರಿಂದಲೇ ಇತರರು ಪರೀಕ್ಷಿಸಲು ಸಾಧ್ಯವಾಯಿತು. ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡದೆ ತಮಗೆ ತೋಚಿದ ಪಾಠವನ್ನು ಅಚ್ಚು ಹಾಕಿಸಿದ ಎಷ್ಟೋ ಹಳೆಯ ಮುದ್ರಣಗಳಿಗಿಂತ ಇದು ಮೇಲು.

ಅನಂತರ ನಿಯಮಗಳು ಬಿಗಿಯಾದವು. 2010ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಮಾನವ ಪ್ರೋಟೀಯೋಮ್ ಯೋಜನೆ, ಒಂದು ಪ್ರೋಟೀನನ್ನು ಒಪ್ಪಬೇಕಾದರೆ ಸಾಕಷ್ಟು ಉದ್ದದ, ಬೇರೆಲ್ಲೂ ಬಾರದ ಎರಡು ತುಣುಕುಗಳಾದರೂ ಬೇಕೆಂದು ಗೊತ್ತುಮಾಡಿತು. ಆ ಕಟ್ಟುನಿಟ್ಟಿನ ಲೆಕ್ಕದಂತೆ 2020ರಲ್ಲಿ ಶೇಕಡ 90.4ರಷ್ಟು ಪ್ರೋಟೀನುಗಳ ಅಸ್ತಿತ್ವ ಖಚಿತವಾಗಿದೆಯೆಂದು ಪ್ರಕಟವಾಯಿತು. ಸ್ವೀಡನ್ನಿನ ಅಟ್ಲಾಸಿನಲ್ಲಿಯೂ ಪ್ರತಿ ನಮೂದಿನೊಡನೆ ಅದರ ವಿಶ್ವಾಸಾರ್ಹತೆ ಯಾವ ದರ್ಜೆಯದೆಂದು ಬರೆದಿರುತ್ತದೆ. 'ಅನಿಶ್ಚಿತ' ಎಂಬುದೂ ಒಂದು ದರ್ಜೆ.

ಇನ್ನು, ಓದಿದ್ದು ಯಾರ ಶರೀರವನ್ನು ಎಂಬ ಪ್ರಶ್ನೆ. ಬೆಂಗಳೂರಿನ ತಂಡದ ಮಾದರಿಗಳಲ್ಲಿ ಸಾಮಾನ್ಯವಾಗಿ ಮೂವರ ಅಂಗಾಂಶಗಳನ್ನು ಕೂಡಿಸಲಾಗಿತ್ತು. ಸ್ವೀಡನ್ನಿನ ಅಟ್ಲಾಸಿಗೆ ಆಧಾರವಾದದ್ದು ಮುಖ್ಯವಾಗಿ ಆ ದೇಶದ ಆಸ್ಪತ್ರೆಯ ಸಂಗ್ರಹ. ಒಂದೆರಡು ಪ್ರತಿಗಳಿಂದ ಸಿದ್ಧವಾದ ಪರಿಷ್ಕರಣ ಎಲ್ಲ ಪರಂಪರೆಗಳಿಗೂ ಪ್ರಮಾಣವಾಗದು. ರೋಗವು ದೇಶಾಚಾರಕ್ಕೆ ತಕ್ಕಂತೆ ಬದಲಾಗುತ್ತದೆಯೆಂಬುದನ್ನು ಮುಂಬಯಿ ಹಿಂದೆಯೇ ತೋರಿಸಿಕೊಟ್ಟಿದೆ. 1941ರಲ್ಲಿ ಆರಂಭವಾದ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಪೆಥಾಲಜಿಸ್ಟ್ ವಿ. ಆರ್. ಖಾನೋಲ್ಕರ್ ಅವರು 1945ರಲ್ಲಿ ಸಹೋದ್ಯೋಗಿಯೊಡನೆ ಬರೆದ ಪ್ರಬಂಧದಲ್ಲಿ, ಧೋತರವನ್ನು ಸೊಂಟಕ್ಕೆ ಬಿಗಿದು ಉಡುವವರಲ್ಲಿ ಆ ಜಾಗದಲ್ಲೇ ಕಾಣುವ ಚರ್ಮದ ಕ್ಯಾನ್ಸರನ್ನು ವಿವರಿಸಿದರು. ಉಡುಪು, ತಂಬಾಕು, ಎಲೆಯಡಿಕೆ ಇವುಗಳ ಗುರುತು ಅಂಗಾಂಶದ ಮೇಲೆ ಬೀಳುತ್ತದೆ. ಪವಾಯಿಯ ತಂತ್ರಜ್ಞಾನ ಸಂಸ್ಥೆಯೂ ಟಾಟಾ ಮೆಮೋರಿಯಲ್ ಕೇಂದ್ರವೂ 2018ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಪ್ರೋಟೀಯೋಜೀನೋಮ್ ಒಕ್ಕೂಟವನ್ನು ಸೇರಿದಾಗ ಅಧ್ಯಯನಕ್ಕೆ ಮೊದಲು ಆಯ್ದುಕೊಂಡವು ಸ್ತನ, ಗರ್ಭಕಂಠ ಮತ್ತು ಬಾಯಿಯ ಕ್ಯಾನ್ಸರುಗಳು. ಬಾಯಿಯ ಕ್ಯಾನ್ಸರ್ ಸ್ವೀಡನ್ನಿಗಿಂತ ನಮ್ಮಲ್ಲಿ ಬಹಳ ಹೆಚ್ಚು. ಆ ಆಯ್ಕೆ ಸರಿಯಾದದ್ದು. ಕೋವಿಡ್ ಕಾಲದಲ್ಲಿಯೂ ಈ ಪ್ರಯೋಗಾಲಯ ಮುಂಬಯಿಯ ಕಸ್ತೂರ್ಬಾ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯ ರೋಗಿಗಳ ರಕ್ತದ್ರವವನ್ನೂ ಮೂಗಿನ ದ್ರವವನ್ನೂ ಅಭ್ಯಾಸ ಮಾಡಿ, ರೋಗ ಉಲ್ಬಣಿಸುವವರಲ್ಲಿ ಯಾವ ಪ್ರೋಟೀನುಗಳು ಬದಲಾಗುತ್ತವೆಂದು 2021ರಲ್ಲಿ ಪ್ರಕಟಿಸಿತು.

ಗ್ರಂಥಸಂಪಾದನೆಯ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಸಂಪಾದಕನಿಗೆ ಹಿಂದೆ ಒಬ್ಬ ಕವಿಯಿದ್ದಾನೆ, ಮೂಲಪ್ರತಿಯೊಂದು ಎಂದೋ ಇತ್ತು. ಅಂಗಾಂಶಕ್ಕೆ ಅಂಥ ಮೂಲಪ್ರತಿಯಿಲ್ಲ. ಬೆಳಗಿನ ಯಕೃತ್ತು ಸಂಜೆಯ ಯಕೃತ್ತಲ್ಲ. ಶಸ್ತ್ರಕ್ರಿಯೆಯಲ್ಲಿ ಹೊರತೆಗೆದ ಚೂರನ್ನು ಕೂಡಲೇ ಹೆಪ್ಪುಗಟ್ಟಿಸದಿದ್ದರೆ ನಿಮಿಷಗಳಲ್ಲಿ ಅದರ ಪ್ರೋಟೀನುಗಳು ಕದಲುತ್ತವೆ. ಆದ್ದರಿಂದ ಚೂರಿನ ಜೊತೆಗೆ, ಅದನ್ನು ಎಷ್ಟು ಹೊತ್ತಿಗೆ ತೆಗೆದರು, ಎಷ್ಟು ಹೊತ್ತಿಗೆ ಶೀತಲಗೊಳಿಸಿದರು ಎಂಬ ವಿವರವೂ ಇರಬೇಕು. ಅದಿಲ್ಲದ ಮಾದರಿ ಸಿಕ್ಕ ಊರು ತಿಳಿಯದ ಓಲೆಗರಿಯಂತೆ.

ಕನ್ನಡ ವಿಭಾಗಗಳಿಗೆ ನೇರವಾಗಿ ಸಂಬಂಧಿಸಿದ ಒಂದು ಸಂಗತಿಯೂ ಇದೆ. ಅಂಗಾಂಶ ಕೊಡುವವರಿಂದ ಲಿಖಿತ ಒಪ್ಪಿಗೆ ಪಡೆಯಬೇಕು, ಮತ್ತು ಅದು ಅವರಿಗೆ ತಿಳಿಯುವ ಭಾಷೆಯಲ್ಲಿರಬೇಕು ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಗಳ ಒಂದು ಮುಖ್ಯ ವಿಧಿ. 1995ರಿಂದ ನಿಮ್ಹಾನ್ಸ್‌ನಲ್ಲಿರುವ ಮಿದುಳು ಸಂಗ್ರಹಾಲಯಕ್ಕೆ ಮೃತರ ಮಿದುಳನ್ನು ದಾನ ಮಾಡುವ ಕುಟುಂಬಗಳಲ್ಲಿ ಕನ್ನಡಿಗರಿದ್ದಾರೆ. ಪರೇಲಿನ ಆಸ್ಪತ್ರೆಗೆ ಚಿಕಿತ್ಸೆಗೆಂದು ಬರುವವರಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿಯ ಕಡೆಯವರೂ ಇದ್ದಾರೆ. 'ಅಂಗಾಂಶ' ಎಂಬ ಪದ ವಿಜಯಪುರದ ರೈತ ಹೆಣ್ಣುಮಗಳಿಗೆ ತಿಳಿಯದು. 'ಮಾಂಸದ ಚೂರು' ಎಂದರೆ ತಿಳಿಯುತ್ತದೆ, ಆದರೆ ಭಯ ಹುಟ್ಟಿಸುತ್ತದೆ. 'ಗಂಟಿನ ತುಣುಕು' ಎನ್ನಬಹುದು. ಅದು ಗೆಡ್ಡೆಗೆ ಸರಿ, ಪಕ್ಕದ ಆರೋಗ್ಯವಂತ ಭಾಗಕ್ಕೆ ಸರಿಹೋಗದು, ಮತ್ತು ಹೋಲಿಕೆಗಾಗಿ ನಕ್ಷೆಗೆ ಆ ಭಾಗವೂ ಬೇಕಾಗುತ್ತದೆ. ಅವಳ ಸಹಿ ಬೀಳುವ ಹಾಳೆಯಲ್ಲಿ ಯಾವ ಪದವಿರಬೇಕೆಂಬುದನ್ನು ನಿರ್ಧರಿಸುವವರ ನಡುವೆ ಉತ್ತರ ಕರ್ನಾಟಕದ ಆಡುಮಾತನ್ನು ಬಲ್ಲ ಕನ್ನಡ ಅಧ್ಯಾಪಕನೊಬ್ಬನಿಗೂ ಸ್ಥಾನವಿರಬೇಕು.